ತಿಪ್ಪಮ್ಮನ ಖುಷಿಯನ್ನು ತೂಗಿದ್ದು

ವಯಸ್ಸಾದವರಿಗೆ ತಾವು ಮಾಡಿದ ತಪ್ಪುಗಳನ್ನು ಯಾರಿಗಾದರೂ ಹೇಳಿಕೊಳ್ಳಬೇಕೆಂಬ ಚಪಲ ಬರುತ್ತದೆ. ನಮ್ಮ ಚಳ್ಳಕೆರೆಯ ಟೀ ಅಂಗಡಿಯ ಮುಂದೆ ಸಂಜೆ ಕೂರುವ ನನ್ನ ಸರೀಕರೆಲ್ಲ ಈ ಚಪಲಕ್ಕೆ ಬಿದ್ದವರೇ. ಅವರು ಹೇಳುವ ಪಾಪಗಳನ್ನು ಕೇಳಿದರೆ, ಮಾಡಿದ್ದಕ್ಕಿಂತ ಮಾಡಲಾಗದೆ ಉಳಿದವೇ ಹೆಚ್ಚೆಂದು ನನಗೆ ಅನುಮಾನ. ನನ್ನ ತಪ್ಪು ಅಷ್ಟು ರಸವತ್ತಾದದ್ದಲ್ಲ, ಆದರೆ ನಿಜವಾಗಿ ಮಾಡಿದ್ದು. ನನ್ನ ಹೆಂಡತಿ ಖುಷಿಯಾಗಿದ್ದಾಳೋ ಇಲ್ಲವೋ ಎಂದು ತಿಳಿಯಲು ನಾನು ಅವಳ ರಕ್ತ ತೆಗೆಸಿ ಬೆಂಗಳೂರಿಗೆ ಕಳಿಸಿದೆ. ಅವಳು ಅಡುಗೆಮನೆಯಲ್ಲಿದ್ದಳು, ನಾನು ಪಡಸಾಲೆಯಲ್ಲಿದ್ದೆ, ನಡುವೆ ಏಳು ಹೆಜ್ಜೆ ದೂರ. ಏಳು ಹೆಜ್ಜೆ ನಡೆದು ಕೇಳುವುದು ನನಗೆ ಹೊಳೆಯಲಿಲ್ಲ.

ಇದಕ್ಕೆ ನನ್ನ ಕೆಲಸವೂ ಸ್ವಲ್ಪ ಕಾರಣ. ಎಸ್ಸೆಸ್ಸೆಲ್ಸಿ ಮುಗಿಸಿದವನು ಸೀದಾ ಹೋಗಿ ಒಂದು ಎಣ್ಣೆ ಮಿಲ್ಲಿನ ಲಾರಿ ಕಾಟಾದ ಮುಂದೆ ಕೂತೆ. ಶೇಂಗಾ ತುಂಬಿದ ಲಾರಿ ಬಂದು ಕಬ್ಬಿಣದ ಹಲಗೆಯ ಮೇಲೆ ನಿಲ್ಲುವುದು, ಡ್ರೈವರನನ್ನು ಇಳಿಸುವುದು, ಮುಳ್ಳು ನೋಡುವುದು, ಚೀಟಿ ಬರೆಯುವುದು. ಮೂವತ್ತು ವರ್ಷಕ್ಕೂ ಮೇಲೆ ಇದೇ. ಲೋಕದಲ್ಲಿರುವ ವಸ್ತುವಿಗೆಲ್ಲ ತೂಕವಿದೆ, ತೂಕವಿಲ್ಲದ್ದು ಇಲ್ಲವೇ ಇಲ್ಲ ಎಂಬ ವೇದಾಂತ ನನಗೆ ಆ ಕಿಟಕಿಯ ಹಿಂದೆಯೇ ಅಂಟಿಕೊಂಡಿತು. ಮದುವೆಯಾದ ಹೊಸತರಲ್ಲಿ ತಿಪ್ಪಮ್ಮ ಒಂದು ಮಧ್ಯಾಹ್ನ ಬುತ್ತಿ ತಂದವಳು, ಲಾರಿಗಳಿಲ್ಲದ ಹೊತ್ತು ನೋಡಿ ಕಾಟಾದ ಹಲಗೆಯ ಮೇಲೆ ಹತ್ತಿ ನಿಂತಳು. ಮುಳ್ಳು ಅಲುಗಲಿಲ್ಲ. ಎರಡು ಸಲ ಕುಪ್ಪಳಿಸಿದಳು. ಆಗಲೂ ಅಲುಗಲಿಲ್ಲ. ಲಾರಿ ತೂಗುವ ಯಂತ್ರಕ್ಕೆ ಹದಿನೆಂಟರ ಹುಡುಗಿ ಯಾವ ಲೆಕ್ಕ? "ನಾನು ಬಂದಿದ್ದು ನಿಮ್ಮ ಕಾಟಾಕ್ಕೆ ಗೊತ್ತೇ ಆಗ್ಲಿಲ್ವಲ್ರೀ!" ಎಂದು ನಕ್ಕಳು. ಶೇಂಗಾ ಸಿಪ್ಪೆಯ ಧೂಳು ಬಿಸಿಲಿನಲ್ಲಿ ಚಿನ್ನದ ಪುಡಿಯಂತೆ ತೇಲುತ್ತಿತ್ತು. ಆ ನಗುವನ್ನು ನಾನು ಆಗ ತಮಾಷೆಯೆಂದುಕೊಂಡೆ. ಈಗ ಅದನ್ನು ನೆನೆದರೆ ಯಾರೋ ಮುಂಚಿತವಾಗಿ ಕೊಟ್ಟ ಎಚ್ಚರಿಕೆಯಂತೆ ಕೇಳಿಸುತ್ತದೆ.

ತಿಪ್ಪಮ್ಮ ಮೊಳಕಾಲ್ಮೂರಿನ ನೇಯ್ಗೆಯವರ ಮಗಳು. ನಮ್ಮದೂ ಒಂದು ಕಾಲಕ್ಕೆ ಮಗ್ಗದ ಮನೆಯೇ, ಆದರೆ ನಮ್ಮಪ್ಪನ ಕಾಲಕ್ಕೇ ಲಾಳಿ ಅಟ್ಟ ಸೇರಿತ್ತು. ಅವಳು ಮಾತ್ರ ಮಗ್ಗ ಬಿಟ್ಟು ಬರುವವಳಲ್ಲ. ಮದುವೆಯಾದ ತಿಂಗಳಲ್ಲೇ ನನ್ನ ಮಾವ ಮಗ್ಗದ ಮರಮುಟ್ಟು ಹೇರಿಕೊಂಡು ಬಂದು, ನಮ್ಮ ಪಡಸಾಲೆಯಲ್ಲಿ ಗುಂಡಿ ತೋಡಿ, ಮಗ್ಗ ಹೂಡಿಕೊಟ್ಟು ಹೋದರು. ನೋಡದವರಿಗೆ ಹೇಳಬೇಕು: ಗುಂಡಿ ಮಗ್ಗದಲ್ಲಿ ನೇಯುವವರು ನೆಲದ ಮಟ್ಟಕ್ಕೆ ಕೂತು ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟಿರುತ್ತಾರೆ. ತುಳಿಯುವ ಹಲಗೆಗಳು ಅಲ್ಲಿ ಕೆಳಗೆ. ಅವಳ ತಮ್ಮ ಓಬಳೇಶ ಮೊಳಕಾಲ್ಮೂರಿನಿಂದ ರೇಷ್ಮೆ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲು, ತಂದುಕೊಡುವನು, ಸೀರೆಯಾದ ಮೇಲೆ ಒಯ್ಯುವನು. ನಲವತ್ತು ವರ್ಷಕ್ಕೂ ಮೇಲೆ ನಮ್ಮ ಮನೆಯ ಮಧ್ಯಾಹ್ನಗಳೆಂದರೆ ಲಾಳಿಯ ಟಕಟಕ, ಅದರ ಜತೆಗೆ ತಿಪ್ಪಮ್ಮನ ಗುನುಗು. ಅದು ಹಾಡಲ್ಲ. ಅದಕ್ಕೆ ಮಾತಿಲ್ಲ, ಮೊದಲಿಲ್ಲ, ಕೊನೆಯಿಲ್ಲ. ಹಲಗೆ ತುಳಿದಾಗ ಏರುವುದು, ಬಿಟ್ಟಾಗ ಇಳಿಯುವುದು. ನಾನು ಚಾಪೆಯ ಮೇಲೆ ಮಲಗಿ ಆ ಏರಿಳಿತದಲ್ಲಿ ತೂಗಿಕೊಂಡು ನಿದ್ದೆಗೆ ಜಾರುವುದು. ಇದಿಷ್ಟೇ ನಮ್ಮ ದಾಂಪತ್ಯ ಎಂದರೂ ತಪ್ಪಿಲ್ಲ.

ಹೋದ ಬೇಸಿಗೆಯಲ್ಲಿ ನನ್ನಿವಾಳಕ್ಕೆ ಕೊಟ್ಟ ನಮ್ಮ ಮಗಳು ಹಪ್ಪಳ ಸಂಡಿಗೆ ಹಾಕುವುದಕ್ಕೆ ತಾಯಿಯನ್ನು ಕರೆಸಿಕೊಂಡಳು. ತಿಪ್ಪಮ್ಮ ಮಗ್ಗದ ಮೇಲಿದ್ದ ಸೀರೆ ಮುಗಿಸಿ, ಹಾಸು ಖಾಲಿ ಮಾಡಿ, ಹತ್ತು ದಿನಕ್ಕೆಂದು ಹೋದಳು. ಆ ಹತ್ತು ದಿನಗಳಲ್ಲಿ ನಾನು ಒಬ್ಬನೇ ಕೂತು ಯೋಚನೆ ಮಾಡಿದೆ. ನನ್ನಂಥವನು ಒಬ್ಬನೇ ಕೂತು ಯೋಚನೆ ಮಾಡಬಾರದು. ಬೀದಿಯವರೆಲ್ಲ ಟೈಲ್ಸ್ ಹಾಕಿಸಿದ್ದಾರೆ, ನಮ್ಮದೊಂದೇ ಗಾರೆ ನೆಲ, ಅದರ ನಡುವೆ ಆ ಗುಂಡಿ. ಇವಳಿಗೆ ಬೇರೆ ಮೊಣಕಾಲು ನೋವು. ಬಂದಾಗ ಬೆರಗಾಗಲಿ ಎಂದು, ಮಗ್ಗ ಬಿಚ್ಚಿಸಿ ಅಟ್ಟಕ್ಕೆ ಏರಿಸಿ, ಗುಂಡಿ ಮುಚ್ಚಿಸಿ, ಮೇಲೆ ಬೆಣ್ಣೆಯಂಥ ಬಿಳಿ ಟೈಲ್ಸ್ ಹಾಕಿಸಿದೆ. ಅವಳು ಬಂದಳು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು ನಿಂತಳು. ಗುಂಡಿಯಿದ್ದ ಜಾಗವನ್ನು ನೋಡಿದಳು.

"ಮಣ್ಣು ಎಲ್ಲಿಂದ ತಂದ್ರಿ?"

"ಹಳೇ ಮಿಲ್ಲಿನ ಹಿಂದ್ಲಿಂದ. ಎರಡು ಗಾಡಿ ಬೇಕಾತು ನೋಡು!"

"ಎರಡು ಗಾಡಿ ಹಿಡೀತಾ," ಎಂದಳು. ಸಂಡಿಗೆ ಡಬ್ಬಿ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಅವಳು ಜಗಳ ಆಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಆಡಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ತಟ್ಟಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಮನೆಯಲ್ಲಿ ಏನೋ ಕಡಿಮೆಯಾಗಿದೆ ಎಂದು ನನಗೆ ತಿಳಿದದ್ದೇ ಒಂದು ತಿಂಗಳ ಮೇಲೆ, ಅದೂ ಮಧ್ಯಾಹ್ನ ನಿದ್ದೆ ಬಾರದೆ ಹೊರಳಾಡಿದಾಗ. ಮಿಲ್ಲಿನಲ್ಲಿ ಕರೆಂಟು ಹೋದಾಗ ಎಲ್ಲರೂ ಒಮ್ಮೆಲೇ ತಲೆಯೆತ್ತಿ ನೋಡುತ್ತಿದ್ದೆವು, ಹಾಗೆ. ಗುನುಗು ನಿಂತಿತ್ತು. ನಗುವೂ ಇರಲಿಲ್ಲ. ತಿಪ್ಪಮ್ಮ ಆ ಬಿಳಿ ನೆಲದ ಮೇಲೆ ಗೋಡೆಗೆ ಒರಗಿ, ಚಾಚಿದ ಕಾಲುಗಳನ್ನು ನೋಡುತ್ತ ಕೂತಿರುತ್ತಿದ್ದಳು. ಆ ಕಾಲುಗಳು ಯಾರೋ ಇಟ್ಟುಹೋದ ಸಾಮಾನಿನಂತೆ ಅವಳ ಮುಂದೆ ಇದ್ದವು.

ಮುಚ್ಚಿದ ಗುಂಡಿಗೂ ನಿಂತ ಗುನುಗಿಗೂ ಗಂಟು ಹಾಕಿ ನೋಡಿದ್ದರೆ ಸಾಕಿತ್ತು. ಆದರೆ ಅದೇ ಸಮಯಕ್ಕೆ ಟೀ ಅಂಗಡಿಯಲ್ಲಿ ಒಬ್ಬರು ಫೋನಿನಲ್ಲಿ ವಿಡಿಯೋ ತೋರಿಸಿದರು. ಮನುಷ್ಯನ ಸಂತೋಷಕ್ಕೆಲ್ಲ ಸೆರೊಟೋನಿನ್ ಎಂಬ ರಾಸಾಯನಿಕವೇ ಕಾರಣ, ಅದು ಕಡಿಮೆಯಾದರೆ ಮಂಕು, ಹೆಚ್ಚಾದರೆ ಆನಂದ, ರಕ್ತದಲ್ಲಿ ಅದನ್ನು ಅಳೆಯಬಹುದು ಎಂದು ಟೈ ಕಟ್ಟಿದ ಮನುಷ್ಯ ಅದರಲ್ಲಿ ಹೇಳುತ್ತಿದ್ದ. ನನ್ನ ಎದೆ ಅರಳಿತು. ಕಾಟಾದವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದು? ಸಂತೋಷಕ್ಕೆ ತೂಕವಿದೆ! ಮಾರನೆಯ ಬೆಳಿಗ್ಗೆ ನಮ್ಮ ಬೀದಿಯ ಲ್ಯಾಬಿನಲ್ಲಿದ್ದೆ. ಅಲ್ಲಿ ರಕ್ತ ತೆಗೆಯುವ ಹುಡುಗಿ ಶಬಾನಾ ನಮ್ಮ ಮಗಳ ಜತೆ ಓದಿದವಳ ಮಗಳು.

"ತಾತ, ಇದು ಇಲ್ಲಿ ಆಗಲ್ಲ, ಬೆಂಗಳೂರಿಗೆ ಹೋಗ್ಬೇಕು. ಯಾವ ಡಾಕ್ಟ್ರು ಬರ್ದಿದ್ದು?"

"ದೊಡ್ಡ ಡಾಕ್ಟ್ರು," ಎಂದೆ. ಇದು ಮೊದಲನೆಯ ಸುಳ್ಳು.

"ಮೂರು ದಿನ ಅಜ್ಜಿ ಬಾಳೆಹಣ್ಣು, ಟೊಮೆಟೊ, ಅನಾನಸ್ ತಿನ್ಬಾರ್ದು. ಅದ್ರಲ್ಲೂ ಇರ್ತೈತೆ ಅದು. ನೆಪ್ಪಿರ್ಲಿ ತಾತ, ಬಾಳೆಹಣ್ಣು ಬಿಲ್ಕುಲ್ ಬ್ಯಾಡ. ಖಾಲಿ ಹೊಟ್ಟೇಲಿ ಬರ್ಲಿ."

ಖಾಲಿ ಹೊಟ್ಟೆ ಎಂದದ್ದೇ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಆಗ ಶ್ರಾವಣ. ತಿಪ್ಪಮ್ಮ ಪ್ರತಿ ಸೋಮವಾರ ಶಿವನಿಗೆಂದು ಉಪವಾಸ ಇರುವವಳು. ಸೋಮವಾರ ಹೇಗೂ ಉಪವಾಸ, ಮಂಗಳವಾರ ಬೆಳಿಗ್ಗೆ ರಕ್ತ ತೆಗೆಸಿದರೆ ಇನ್ನೊಂದು ಸಲ ಅವಳನ್ನು ಹಸಿವಿನಲ್ಲಿ ಇಡಬೇಕಾಗಿಲ್ಲ! ನನ್ನ ಜಾಣ್ಮೆಗೆ ನಾನೇ ಬೆನ್ನು ತಟ್ಟಿಕೊಂಡೆ. ಅವಳಿಗೆ ಮಾತ್ರ ಸಕ್ಕರೆ ಪರೀಕ್ಷೆ ಎಂದು ಹೇಳಿದೆ. ಇದು ಎರಡನೆಯ ಸುಳ್ಳು. ಸಕ್ಕರೆ ಪರೀಕ್ಷೆಗೂ ಬಾಳೆಹಣ್ಣಿಗೂ ಸಂಬಂಧ ಹೇಳುವುದು ಕಷ್ಟವಾದ್ದರಿಂದ, ಆ ಮಾತನ್ನು ಎತ್ತಲೇ ಇಲ್ಲ. ನಮ್ಮ ಕಡೆ ಸೋಮವಾರದ ಉಪವಾಸವೆಂದರೆ ಏನೆಂದು ನಿಮಗೆ ಗೊತ್ತೇ ಇದೆ. ಅನ್ನ ಮುಟ್ಟುವಂತಿಲ್ಲ, ರೊಟ್ಟಿ ಮುಟ್ಟುವಂತಿಲ್ಲ. ಹಾಲು, ಬಾಳೆಹಣ್ಣು. ಬೆಳಿಗ್ಗೆ ಬಾಳೆಹಣ್ಣು, ಮಧ್ಯಾಹ್ನ ಬಾಳೆಹಣ್ಣು, ಪೂಜೆ ಮುಗಿದ ಮೇಲೆ ಪ್ರಸಾದವೆಂದು ಮತ್ತೆರಡು. ಅಂದಿನ ಬಾಳೆಹಣ್ಣಿನ ಚಿಪ್ಪನ್ನು ಸಂತೆಯಿಂದ ಹೊತ್ತು ತಂದವನೂ ನಾನೇ. ಹಣ್ಣು ಮಾಗಿದೆಯೇ ಎಂದು ಹಿಸುಕಿ ನೋಡಿ ತಂದೆ.

ಕೆಲವು ದಿನಗಳ ಮೇಲೆ ವರದಿ ಬಂತು. ಅಳತೆ ನ್ಯಾನೋಗ್ರಾಮಿನಲ್ಲಿತ್ತು. ನನ್ನ ಕಾಟಾ ಅರ್ಧ ಕ್ವಿಂಟಾಲಿಗಿಂತ ಚಿಕ್ಕದನ್ನು ಗಣನೆಗೇ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದನ್ನು ತೂಗುವವರು ಇದ್ದಾರೆಂದರೆ ಆ ಮಹಾನುಭಾವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಆಮೇಲೆ ಅಂಕಿ ನೋಡಿದೆ. ಇರಬೇಕಾದ್ದಕ್ಕಿಂತ ಹೆಚ್ಚು! ತಿಪ್ಪಮ್ಮನ ರಕ್ತದಲ್ಲಿ ಆನಂದ ಉಕ್ಕಿ ಹರಿಯುತ್ತಿತ್ತು. ಕಾಗದ ಹಿಡಿದು ಮನೆಗೆ ಓಡಿದೆ. ಅವಳು ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

"ನೋಡು, ನೀನು ಬಹಳ ಖುಷಿಯಾಗಿದ್ದೀಯಂತೆ. ಬೆಂಗ್ಳೂರಿಂದ ಬರ್ದು ಕಳ್ಸ್ಯಾರೆ."

"ಹೌದಾ? ನಂಗೇ ಗೊತ್ತಿಲ್ದಂಗೆ?"

ಆ ಧಾಟಿಗೆ ನನಗೆ ಸಿಟ್ಟು ಬಂತು. ಚೀಟಿಯನ್ನು ಒಪ್ಪದೆ ವಾದ ಹಾಕುವ ಲಾರಿಯವರನ್ನು ಕಂಡರೆ ನನಗೆ ಯಾವಾಗಲೂ ಬರುತ್ತಿದ್ದ ಸಿಟ್ಟು ಅದು. ಆಗ ಒಂದು ಮಾತಾಡಿದೆ. ಈ ಬರಹವೆಲ್ಲ ಆ ಒಂದು ಮಾತಿಗಾಗಿ. "ಹಂಗಾದ್ರೆ ಇಷ್ಟು ದಿನ ಮುಖ ಊದಿಸ್ಕಂಡು ಕೂತಿದ್ದು ಬರೀ ನಾಟ್ಕ! ರಕ್ತ ಸುಳ್ಳು ಹೇಳಲ್ಲ," ಎಂದೆ.

ತಿಪ್ಪಮ್ಮ ಉಳಿದ ಮೆಣಸಿನಕಾಯಿಗಳ ತೊಟ್ಟನ್ನೂ ಬಿಡಿಸಿ ಮುಗಿಸಿದಳು. ಕೈ ತೊಳೆದಳು. ಎರಡು ಸೀರೆ ಚೀಲಕ್ಕೆ ಹಾಕಿದಳು. "ಓಬಳೇಶನ ಮನೆಗೆ ಹೋಗ್ತೀನಿ. ಹಿಟ್ಟು ಡಬ್ಬೀಲೈತೆ, ಮಜ್ಜಿಗೆ ಮುಚ್ಚಿಟ್ಟೀನಿ," ಎಂದು ಹೇಳಿ, ಮಧ್ಯಾಹ್ನದ ಬಸ್ಸಿಗೆ ಮೊಳಕಾಲ್ಮೂರಿಗೆ ಹೊರಟುಹೋದಳು. ಎಂದು ಬರುತ್ತೀ ಎಂದು ನಾನು ಕೇಳಲಿಲ್ಲ. ಬರುತ್ತೇನೆಂದು ಅವಳೂ ಹೇಳಲಿಲ್ಲ.

ಹನ್ನೊಂದು ದಿನ ಕಾದೆ. ಮನೆಯಲ್ಲಿ ಟೈಲ್ಸ್ ಮಾತ್ರ ಹೊಳೆಯುತ್ತಿತ್ತು. ಖುಷಿ ಮಿತಿ ಮೀರಿದ್ದರಿಂದಲೇ ಅವಳು ಹೀಗೆ ಮನೆ ಬಿಟ್ಟು ಹೋಗಿರಬೇಕೆಂದು ನನ್ನ ಬುದ್ಧಿಗೆ ತೋಚಿತು. ಹನ್ನೆರಡನೆಯ ದಿನ ಆ ವರದಿ ಹಿಡಿದುಕೊಂಡು, ಖುಷಿಯನ್ನು ಸ್ವಲ್ಪ ಇಳಿಸುವ ಮಾತ್ರೆ ಸಿಗುವುದೇ ಎಂದು ಕೇಳಲು ನಮ್ಮ ಬಡಾವಣೆಯ ಡಾಕ್ಟರಮ್ಮನ ಬಳಿ ಹೋದೆ. ಅವರು ಕಾಗದ ನೋಡಿ, ಕನ್ನಡಕ ತೆಗೆದು, ಮೊದಲು ತಿಪ್ಪಮ್ಮನಿಗೆ ಮುಖ ಕೆಂಪಾಗುವುದು, ಹೊಟ್ಟೆ ಕೆಡುವುದು ಏನಾದರೂ ಉಂಟೇ ಎಂದು ವಿಚಾರಿಸಿದರು. ಇಲ್ಲವೆಂದೆ. ರಕ್ತ ಕೊಡುವ ಹಿಂದಿನ ದಿನ ಏನು ತಿಂದಿದ್ದರು ಎಂದರು. ಬಾಳೆಹಣ್ಣಿನ ಕತೆ ಹೊರಬಿತ್ತು. ಡಾಕ್ಟರಮ್ಮ ಮೇಜಿನ ಮೇಲೆ ಹಣೆ ಇಟ್ಟುಕೊಂಡು ಒಂದು ನಿಮಿಷ ನಕ್ಕರು.

"ಹಣ್ಣಿಂದಾನೇ ಏರಿರ್ಬಹುದು. ಅವರು ಬಂದ್ಮೇಲೆ ಹಣ್ಣು ಬಿಟ್ಟು ಇನ್ನೊಂದ್ಸಲ ನೋಡಿದ್ರಾತು. ಆದ್ರೆ ಖುಷಿ ಅದ್ರಲ್ಲಿ ಹುಡುಕ್ಬ್ಯಾಡ್ರಿ ಯಜಮಾನ್ರೇ. ನಿಮ್ಮ ಮಿಲ್ಲಿನೊಳಗೆ ಎಣ್ಣೆ ಹೆಂಗೆ ಬರ್ತಿತ್ತು? ಹೊರಗಿಂದ ಟ್ಯಾಂಕರ್‌ನಾಗೆ ತರ್ತಿದ್ರಾ?"

"ಎಲ್ಲಾರ ಉಂಟಾ ತಾಯಿ! ಶೇಂಗಾ ಒಳಗೆ ಹೋಗ್ತಿತ್ತು. ಎಣ್ಣೆ ಒಳಗೇ ತೆಗೀತಿದ್ವಿ."

"ಮಿದುಳೂ ಹಂಗೇ. ಅದಕ್ಕೊಂದು ಗೇಟೈತೆ, ಬಹಳ ಬಿಗಿ ಗೇಟು. ರಕ್ತದಾಗಿರೋ ಸೆರೊಟೋನಿನ್ನು ಅದನ್ನ ದಾಟಿ ಒಳಗೆ ಹೋಗಂಗಿಲ್ಲ. ಅದನ್ನ ಮಾಡಕ್ಕೆ ಬೇಕಾದ ಕಾಳು ಮಾತ್ರ ಒಳಗೆ ಹೋಗ್ತೈತೆ, ಅದೂ ಬೇರೆ ಲಾರಿಗಳ ಜತೆ ಸಾಲಲ್ಲಿ ನಿಂತು. ಮಿದುಳು ತನಗೆ ಬೇಕಾದ ಎಣ್ಣೆನ ಒಳಗೇ ತಾನೇ ತೆಕ್ಕಂತೈತೆ. ರಕ್ತದಾಗಿರೋದು ಬಹುಪಾಲು ಹೊಟ್ಟೇಲಿ ಆಗಿದ್ದು, ಪ್ಲೇಟ್‌ಲೆಟ್ಟುಗಳು ಹೊತ್ಕಂಡು ತಿರುಗ್ತಾವೆ. ನೀವು ಹೊಟ್ಟೆ ಮಿಲ್ಲಿನ ಎಣ್ಣೆ ತೂಗ್ಕಂಡು ಬಂದು, ತಲೆ ಮಿಲ್ಲು ಜೋರಾಗಿ ನಡೀತೈತೆ ಅಂತೀರಲ್ಲ! ಇನ್ನು ಖುಷಿ ಅಂದ್ರೆ ಅದೊಂದೇ ಎಣ್ಣೆನೂ ಅಲ್ಲ."

"ಹಂಗಾದ್ರೆ ಒಳಗೆ ಏನೈತೆ ಅಂತ ತಿಳ್ಕಣದು ಹೆಂಗಮ್ಮ?"

"ಕೇಳ್ಬೇಕು."

"ಯಾರನ್ನ? ಬೆಂಗ್ಳೂರಿಗೆ ಹೋಗ್ಬೇಕಾ?"

"ನಿಮ್ಮ ಹೆಂಡ್ತೀನ," ಎಂದರು.

ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು, ಮೋಡ ಮುಚ್ಚಿದ ಮಧ್ಯಾಹ್ನ, ಎರಡೂ ಕಡೆ ಶೇಂಗಾ ಹೊಲಗಳ ಹಸಿರು ಹಾಸು. ಬಿ.ಜಿ. ಕೆರೆ ಬರುವಷ್ಟರಲ್ಲಿ ಕಣ್ಣು ಕೂಡಿತು. ಕನಸಿನಲ್ಲಿ ಒಂದು ದೊಡ್ಡ ಮಿಲ್ಲು, ಅದರ ಗೋಡೆಗಳು ಮೋಡದಷ್ಟು ಎತ್ತರ. ಗೇಟಿನ ಮುಂದೆ ಕೆಂಪು ರಸ್ತೆ, ರಸ್ತೆಯ ತುಂಬ ಬಾಳೆಹಣ್ಣಿನ ಲಾರಿಗಳು ದೋಣಿಗಳಂತೆ ಮೆಲ್ಲಗೆ ತೇಲುತ್ತಿವೆ. ನಾನು ಒಂದೊಂದನ್ನೇ ತೂಗಿ ಚೀಟಿ ಬರೆದುಕೊಡುತ್ತಿದ್ದೇನೆ. ಚೀಟಿಗಳು ಕೈ ಬಿಟ್ಟ ಕೂಡಲೇ ಚಿಟ್ಟೆಗಳಾಗಿ ಹಾರುತ್ತಿವೆ. ಗೇಟಿನವನು ಮಾತ್ರ ಒಂದು ಲಾರಿಯನ್ನೂ ಬಿಡುತ್ತಿಲ್ಲ. ಒಳಗಿನಿಂದ ಲಾಳಿಯ ಸದ್ದು ಬರುತ್ತಿದೆ, ಅದರ ಜತೆಗೆ ಆ ಗುನುಗು. "ನನ್ನನ್ನಾದರೂ ಬಿಡಪ್ಪಾ, ಅವಳು ನನ್ನ ಹೆಂಡತಿ," ಎಂದೆ. ಅವನು ನನ್ನನ್ನು ಕಾಟಾದ ಮೇಲೆ ನಿಲ್ಲಿಸಿದ. ಮುಳ್ಳು ಅಲುಗಲಿಲ್ಲ. ಕುಪ್ಪಳಿಸಿದೆ. ಆಗಲೂ ಅಲುಗಲಿಲ್ಲ. "ಯಜಮಾನ್ರೇ, ಮೊಳಕಾಲ್ಮೂರು ಬಂತು, ಇಳೀರಿ," ಎಂದ. ಕಣ್ಣು ಬಿಟ್ಟರೆ ಕಂಡಕ್ಟರು ಭುಜ ಅಲುಗಿಸುತ್ತಿದ್ದ. ಹೊರಗೆ ಬಂಡೆಗುಡ್ಡಗಳು ಇನ್ನೂ ಕನಸಿನಲ್ಲೇ ಇದ್ದಂತೆ ನಿಂತಿದ್ದವು.

ಓಬಳೇಶ ಜಗಲಿಯ ಮೇಲೆ ಕೂತು ರಾಟೆಯಲ್ಲಿ, ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದ. "ಏಮಿ ಬಾವಾ, ಬಾಳೆಹಣ್ಣು ತಂದಿಲ್ವಾ?" ಎಂದ. ಸುದ್ದಿ ನನಗಿಂತ ಮೊದಲಿನ ಬಸ್ಸಿಗೇ ಬಂದಿತ್ತು. ಡಾಕ್ಟರಮ್ಮ ಫೋನಿನಲ್ಲಿ ಲ್ಯಾಬಿನ ಶಬಾನಾಗೆ, ಶಬಾನಾ ತನ್ನ ತಾಯಿಗೆ, ತಾಯಿ ನಮ್ಮ ಮಗಳಿಗೆ, ಮಗಳು ಇಲ್ಲಿಗೆ. ಒಳಗಿನಿಂದ ಆ ಸದ್ದು ಕೇಳುತ್ತಿತ್ತು. ಬಾಗಿಲ ಬಳಿ ನಿಂತೆ. ತಿಪ್ಪಮ್ಮ ತಮ್ಮನ ಮಗ್ಗದಲ್ಲಿ, ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದಳು. ಬೆಳಕಿಂಡಿಯ ಬೆಳಕು ನೀಲಿ ರೇಷ್ಮೆಯ ಮೇಲೆ ಬಿದ್ದು ಅವಳ ಗಲ್ಲದ ತನಕ ನೀಲಿಯಾಗಿತ್ತು. ಗುನುಗುತ್ತಿದ್ದಳು. ಹಲಗೆ ತುಳಿದಾಗ ಏರುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಎಷ್ಟು ಹೊತ್ತು ನಿಂತಿದ್ದೆನೋ. ನನ್ನ ನೆರಳು ನೂಲಿನ ಮೇಲೆ ಬಿದ್ದಾಗ ಸದ್ದು ನಿಂತಿತು.

"ಊಟ ಆತಾ?" ಎಂದಳು.

ನಾನು ನೆಲದ ಮೇಲೆ ಕೂತೆ. "ಅದು ಸಕ್ಕರೆ ಪರೀಕ್ಷೆ ಅಲ್ಲ," ಎಂದೆ.

"ಗೊತ್ತಿತ್ತು. ಸಕ್ಕರೆ ನೋಡಕ್ಕೆ ಬೆಂಗ್ಳೂರಿಗೆ ಯಾರು ಕಳಿಸ್ತಾರ್ರೀ?"

"ನಾಟ್ಕ ಅಂದೆ. ತಪ್ಪಾತು." ಆಮೇಲೆ ಮದುವೆಯಾದಂದಿನಿಂದ ಕೇಳದಿದ್ದ ಪ್ರಶ್ನೆ ಕೇಳಿದೆ. "ಏನಾಗೈತೆ ತಿಪ್ಪಮ್ಮ ನಿಂಗೆ?"

ಅವಳು ಲಾಳಿಯನ್ನು ಕೈಯಲ್ಲಿ ಒಂದು ಸಲ ತಿರುಗಿಸಿದಳು. "ಆ ಗುಂಡಿ ನಮ್ಮಪ್ಪ ಕೈಯಾರೆ ತೋಡಿದ್ದು. ಒಂದು ನೂಲು ತಗಂಡು ನನ್ನ ಪಾದದಿಂದ ಮೊಣಕಾಲಿನ ಗಂಟ ಅಳೆದು, ಗಂಟು ಹಾಕ್ಕಂಡು, ಅಷ್ಟೇ ಆಳ ತೋಡಿದ. ಮನೆ ನಿಮ್ದು, ಅಡುಗೆಮನೆ ನಿಮ್ಮವ್ವಂದಿತ್ತು. ಆ ಗುಂಡಿಯಷ್ಟೇ ನನ್ನ ಅಳತೇದು. ಎರಡು ಗಾಡಿ ಮಣ್ಣು ಅಂದ್ರಲ್ಲ, ಹೇಳೋವಾಗ ನಗ್ತಿದ್ರಿ."

"ನಿನ್ನ ಮೊಣಕಾಲು ನೋವಿಗೆ ಅಂತ..."

"ಕಾಲು ಇಳಿಬಿಟ್ರೆ ನೋವೆಲ್ಲೈತೆ? ಆ ತಣ್ಣಗಿನ ಟೈಲ್ಸ್ ಮ್ಯಾಲೆ ಮಡಚಿ ಕೂತ್ರೆ ಐತೆ. ಕೇಳಿದ್ರೆ ಹೇಳ್ತಿದ್ದೆ."

ಕೇಳಿದ್ದರೆ ಹೇಳುತ್ತಿದ್ದಳಂತೆ. ಅದಕ್ಕೆ ಖಾಲಿ ಹೊಟ್ಟೆಯೂ ಬೇಕಿರಲಿಲ್ಲ. ಅಷ್ಟರಲ್ಲಿ ಓಬಳೇಶ ಒಳಗೆ ಬಂದು ಒಂದು ನೂಲು ಹರಿದು ನನ್ನ ಕೈಗೆ ಕೊಟ್ಟ. ತಿಪ್ಪಮ್ಮ ಗುಂಡಿಯಿಂದ ಕಾಲು ಮೇಲೆ ತೆಗೆದಳು. ಆ ನೂಲನ್ನು ಅವಳ ಹಿಮ್ಮಡಿಯಿಂದ ಮೊಣಕಾಲಿನವರೆಗೆ ಹಿಡಿದು ನಾನೇ ಗಂಟು ಹಾಕಿದೆ. ಮೂರು ಸಲ ತಪ್ಪಿತು. "ಲಾರಿ ತೂಗಿದ ಕೈ ಬಾವಾ ಅದು, ನೂಲಿಗೆ ಬಗ್ಗಲ್ಲ," ಎಂದು ಓಬಳೇಶ ನಕ್ಕ. ತಿಪ್ಪಮ್ಮ ನಗಲಿಲ್ಲ. "ಗುಂಡಿ ಆದ್ಮೇಲೆ ಹೇಳ್ರಿ, ಬಂದು ನೋಡ್ತೀನಿ," ಎಂದಳು. ನೋಡುತ್ತೇನೆ ಎಂದಳು, ಇರುತ್ತೇನೆ ಎನ್ನಲಿಲ್ಲ.

ನೂಲನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಚಳ್ಳಕೆರೆಗೆ ಬಂದೆ. ಟೈಲ್ಸ್ ಹಾಕಿದ್ದ ಮೇಸ್ತ್ರಿಯನ್ನೇ ಕರೆಸಿ ಒಡೆಸಿದೆ. ಅವನು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಮಣ್ಣು ತೆಗೆಯುವುದಕ್ಕೆ ಮಾತ್ರ ಆಳು ಕರೆಯಲಿಲ್ಲ. ದಿನಕ್ಕೆ ನಾಲ್ಕು ಬುಟ್ಟಿ, ನಡುವೆ ಏದುಸಿರು. ಒಂದೂವರೆ ದಿನದಲ್ಲಿ ಮುಚ್ಚಿಸಿದ ಗುಂಡಿ ತೆಗೆಯಲು ಹದಿನಾರು ದಿನ ಹಿಡಿಯಿತು. ತಳದಲ್ಲಿ ಹಳೆಯ ಮಣ್ಣು ಸಿಕ್ಕಿತು, ಎಷ್ಟೋ ವರ್ಷಗಳಿಂದ ಅವಳ ಪಾದ ತಾಗಿ ನುಣುಪಾದ ಮಣ್ಣು. ನೂಲು ಇಳಿಸಿ ನೋಡಿದೆ. ಗಂಟು ಸರಿಯಾಗಿ ನೆಲದ ಅಂಚಿಗೆ ಬಂತು. ನನ್ನ ಬದುಕಿನಲ್ಲಿ ನಾನು ಮಾಡಿದ ಸರಿಯಾದ ಅಳತೆ ಅದೊಂದೇ ಇರಬೇಕು.

ತಿಪ್ಪಮ್ಮ ಬಂದಳು, ನೋಡಿದಳು, ಚೀಲ ಕೆಳಗಿಟ್ಟಳು. ಓಬಳೇಶ ಮಗ್ಗ ಹೂಡಿಕೊಟ್ಟು ಹೋದ. ಕಂಡಿಕೆಗೆ ನೂಲು ಸುತ್ತುವ ಕೆಲಸ ನನ್ನ ಪಾಲಿಗೆ ಬಂತು. ಸುತ್ತಿದ್ದು ಸಡಿಲವಾದರೆ ಬಿಚ್ಚಿ ಮತ್ತೆ ಸುತ್ತಿಸುತ್ತಾಳೆ. ಆದರೆ ಗುನುಗು ಬರಲಿಲ್ಲ. ಒಂದು ವಾರ, ಎರಡು ವಾರ, ಲಾಳಿ ಮಾತ್ರ ಟಕಟಕ. ನಾನು ರಾಟೆಯ ಮುಂದೆ ಕಿವಿ ನೆಟ್ಟು ಕೂತಿರುತ್ತಿದ್ದೆ. ಹೀಗೆ ಕಾಯುತ್ತ ಕೂತರೆ ಅದೂ ಒಂದು ಬಗೆಯ ಪರೀಕ್ಷೆಯೇ ಎಂದು ಒಂದು ದಿನ ಹೊಳೆಯಿತು. ಅಂದಿನಿಂದ ಊಟವಾದ ಮೇಲೆ ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿ, ಗೊರಕೆ ಹೊಡೆಯತೊಡಗಿದೆ. ನಿದ್ದೆಯಿಲ್ಲದ ಗೊರಕೆ. ಇದು ಮೂರನೆಯ ಸುಳ್ಳು ಎಂದು ಬೇಕಾದರೆ ಬರೆದುಕೊಳ್ಳಿ. ನಾಲ್ಕನೆಯ ದಿನ ಅದು ಬಂತು. ಮೊದಲು ದಾರ ಸಿಕ್ಕದಂತೆ ತಡವರಿಸಿ, ಆಮೇಲೆ ಏರಿ, ಇಳಿದು, ಏರಿ. ಗೋಡೆಗೆ ಮುಖ ಮಾಡಿ ನಾನು ಅತ್ತದ್ದನ್ನು ಗೋಡೆ ಯಾರಿಗೂ ಹೇಳುವುದಿಲ್ಲ.

ಈಗ ದಿನವೂ ಹೀಗೆಯೇ. ಅವಳ ತಲೆಯೊಳಗಿನ ಮಿಲ್ಲಿನಲ್ಲಿ ಏನು ನಡೆಯುತ್ತಿದೆಯೋ, ಗೇಟಿನ ಹೊರಗೆ ಮಲಗಿ ಆಲಿಸುವುದಷ್ಟೇ ನನ್ನ ಕೆಲಸ. ನಿನ್ನೆ ಗುನುಗು ನಡುವೆ ನಿಂತಿತು. ನಾನು ಹೆದರಿ ಗೊರಕೆಯನ್ನು ಇನ್ನಷ್ಟು ಜೋರು ಮಾಡಿದೆ.

"ರೀ," ಎಂದಳು, ಲಾಳಿ ನಿಲ್ಲಿಸದೆ. "ನೀವು ನಿಜವಾಗಿ ನಿದ್ದೆ ಮಾಡಿದ್ರೆ ಗೊರಕೆ ಮೂಗಿಂದ ಬರ್ತೈತೆ. ಇದು ಬಾಯಿಂದ ಬರ್ತೈತೆ. ಮೊದ್ಲನೇ ದಿನದಿಂದ ಕೇಳ್ತಾ ಇದೀನಿ."

ಆಮೇಲೆ ಮತ್ತೆ ಗುನುಗತೊಡಗಿದಳು. ಏನು ಮಾಡಬೇಕೆಂದು ತೋಚದೆ, ನಾನು ಬಾಯಿಂದಲೇ ಗೊರಕೆ ಮುಂದುವರಿಸಿದೆ.